ಇಳಿದ ಮುಳ್ಳು

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿ ಗುರುಸಿದ್ಧ ಅಜ್ಜಾರು, ಅವರದೊಂದು ಹಳೆಯ ಕಾರು, ಆ ಕಾರು ಓಡಿಸುವ ಶಿಷ್ಯ ಈರಬಸಯ್ಯ.

ಬೇಸಿಗೆಯಲ್ಲಿ ಒಮ್ಮೆ ಎಂಜಿನ್ನು ಕುದಿದು ಕಾರು ನಡುದಾರಿಯಲ್ಲಿ ನಿಂತಿತ್ತು. ಅಜ್ಜಾರು ಬಿಸಿಲಿಗೆ ಬಸವಳಿದದ್ದನ್ನು ಕಂಡು ಶಿಷ್ಯನಿಗೆ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಪೇಟೆಯಿಂದ ಬಿಸಿ ತೋರಿಸುವ ಎರಡು ಮೀಟರು ತಂದ. ಒಂದು ಎಂಜಿನ್ನಿನ ನೀರಿಗೆ, ಇನ್ನೊಂದು ಎಣ್ಣೆಗೆ. ರೇಡಿಯೇಟರಿನ ಕೊಳವೆ ಕೊಯ್ದು, ನೀರಿನ ಮೀಟರಿನ ತುದಿ ಒಳಗಿಟ್ಟು, ಮೇಲೆ ಪಟ್ಟಿ ಬಿಗಿದು, ತಾನೇ ಕೂಡಿಸಿದ.

ಅಜ್ಜಾರು ಬಗ್ಗಿ ನೋಡಿದರು.

"ಚೊಲೋ ಆತು. ನನಗೂ ಒಂದು ಕೂಡಸ್ತೀ ಏನು?"

"ನೀವೆಲ್ಲಿ ಕುದೀತೀರಿ ಅಜ್ಜಾರ!"

"ನಿನ್ನ ಕೂಡ ಅಡ್ಡಾಡಿದರ ಕುದೀತೀನಿ. ನಡಿ."

ಪಕ್ಕದೂರಿನ ಭಕ್ತರ ಮನೆಗೆ ಹೊರಟರು. ದಾರಿಯಲ್ಲಿ ಈರಬಸಯ್ಯ ಬಹುದಿನದಿಂದ ಮನಸ್ಸಿನಲ್ಲಿದ್ದ ಮಾತು ತೆಗೆದ.

"ಅಜ್ಜಾರ, ಈ ಸಲ ನನಗ ಕಾವಿ ಕೊಡ್ರಿ. ನಾ ಹಣ್ಣಾಗೇನಿ."

"ಹೆಂಗ ಗೊತ್ತಾತು?"

"ಮೊದಲ ಅವ್ವ ಬಂದು ಹೋದ್ರ ಅಳತಿದ್ದೆ. ಮೊನ್ನೆ ಶೇಂಗಾ ಹೋಳಿಗಿ ಕಟಗೊಂಡು ಬಂದಿದ್ಲು. ನಾ ಹೊರಗ ಬರಲೇ ಇಲ್ಲ. ಏನೂ ಅನಸಲಿಲ್ರಿ. ಒಳಗೆಲ್ಲ ತಣ್ಣಗ ಐತಿ."

"ಹೋಳಿಗಿ ಏನು ಮಾಡಿದಿ?"

"ದಾಸೋಹಕ್ಕ ಕೊಟ್ಟೆ."

"ಹಂಗಾಗಿ ನನಗೊಂದು ಸಿಕ್ತು." ಅಜ್ಜಾರು ಕಿಟಕಿಯಾಚೆ ನೋಡಿದರು.

ದಿಬ್ಬ ಬಂತು. ನೀರಿನ ಮೀಟರಿನ ಮುಳ್ಳು ಏರತೊಡಗಿತು. ಈರಬಸಯ್ಯ ಅದರಿಂದ ಕಣ್ಣು ಕೀಳಲಿಲ್ಲ. ಇನ್ನಷ್ಟು ಏರಿತು. ಆಮೇಲೆ ಸರ್ರನೆ ಇಳಿಯಿತು.

"ಇಳೀತ್ರಿ ಅಜ್ಜಾರ! ದಿಬ್ಬದಾಗೂ ತಣ್ಣಗಾತು ನೋಡ್ರಿ!"

"ಮತ್ತ ಆ ಇನ್ನೊಂದು?"

"ಅದು ಎಣ್ಣಿದ್ರಿ. ಅದು... ಏರಾಕತ್ತೈತಿ."

"ಬಂಡಿ ನಿಂದ್ರಸು."

ಬಾನೆಟ್ಟು ಎತ್ತಿದರೆ ಸುಟ್ಟ ವಾಸನೆ. ಅವನು ಬಿಗಿದ ಪಟ್ಟಿಯೇ ಸಡಿಲಾಗಿ ನೀರೆಲ್ಲ ಸೋರಿಹೋಗಿತ್ತು.

ಈರಬಸಯ್ಯನ ಮುಖ ಬಾಡಿತು. "ಒಳಗ ನೀರ ಇಲ್ರಿ. ಮೀಟರಿನ ತುದಿ ಬರೇ ಗಾಳಿಯಾಗ ಐತಿ. ಅದಕ್ಕ ಇಳದೈತಿ."

"ಪಾಪ, ಅದರದೇನು ತಪ್ಪು? ಮುಟ್ಟಾಕ ಏನೂ ಇಲ್ಲಂದ್ರ ಏನಂತ ಹೇಳೀತು?"

ಇಬ್ಬರೂ ಬೇವಿನ ನೆರಳಲ್ಲಿ ಕುಳಿತರು. ಎಂಜಿನ್ನು ಆರಬೇಕಿತ್ತು. ಅಜ್ಜಾರು ತಮ್ಮ ಶಾಲಿನ ಚುಂಗಿನಿಂದ ಶಿಷ್ಯನ ಹಣೆಯ ಮಸಿ ಒರೆಸಿದರು.

ಎಂಜಿನ್ನು ಆರುತ್ತ ಬಂದಾಗ ಈರಬಸಯ್ಯ ಕೇಳಿದ. "ಅವ್ವ ಅವತ್ತು ಎಷ್ಟೊತ್ತು ಕುಂತಿದ್ಲ್ರಿ?"

"ಸಂಜಿ ಬಸ್ಸಿನ ತನಕ."

ಅವನು ಎದ್ದು ಹೋದ. ಪಟ್ಟಿ ಬಿಗಿದ. ಡಿಕ್ಕಿಯಿಂದ ನೀರಿನ ಕ್ಯಾನು ತಂದ. ಮುಖ ತೋರಿಸದೆ, ಅತ್ತ ತಿರುಗಿಕೊಂಡೇ ಕೇಳಿದ.

"ಹಂಗಾರ ನನಗ ಕಾವಿ ಇಲ್ಲೇನ್ರಿ ಅಜ್ಜಾರ?"

"ನೀರು ಪೂರಾ ತುಂಬು, ತಮ್ಮಾ. ನಿಮ್ಮವ್ವನ ಊರಿಗೆ ಹೋಗೂಣು. ದಾರ್ಯಾಗ ಮುಳ್ಳು ಏರಿದರ ಅಂಜಬ್ಯಾಡ."