ಹಾಲವ್ವನ ಬರಿ ಬಟ್ಟಲು

ಹೊಳೆದಂಡೆಯ ಮೇಲೊಂದು ಆಶ್ರಮ. ಆಶ್ರಮ ಅಂದ ಕೂಡಲೇ ಕಾವಿ, ಕಮಂಡಲ, ಜಿಂಕೆಮರಿ ಅಂತೆಲ್ಲ ಅಂದುಕೊಳ್ಳಬೇಡಿ. ಅಲ್ಲಿದ್ದದ್ದು ಹಂಚು ಹೊದಿಸಿದ ಒಂದು ಕಣ್ಣಿನ ಆಸ್ಪತ್ರೆ, ರೋಗಿಗಳು ಉಳಿದುಕೊಳ್ಳುವುದಕ್ಕೆ ಒಂದು ಉದ್ದನೆಯ ಪಡಸಾಲೆ, ಮತ್ತು ಗೌರಕ್ಕ.

ಗೌರಕ್ಕ ಆಯುಷ್ಯವೆಲ್ಲ ರೋಗಿಗಳ ಆರೈಕೆ ಮಾಡಿದವರು. ನರ್ಸಿಂಗ್ ಓದಿದ ಹುಡುಗ ಹುಡುಗಿಯರು ಅವರ ಹತ್ತಿರ ಬಂದು, ಒಂದಷ್ಟು ಕಾಲ ಇದ್ದು, ಕಲಿತು ಹೋಗುತ್ತಿದ್ದರು. ಗೌರಕ್ಕ ಕೂತು ಪಾಠ ಹೇಳಿದ್ದನ್ನು ಮಾತ್ರ ಯಾರೂ ನೋಡಿಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟರೆ ಶಿಷ್ಯರಿಗೆ ಅವತ್ತು ಹಬ್ಬ.

ಆ ಶಿಷ್ಯರಲ್ಲಿ ಪಂಚಾಕ್ಷರಿ ಅಂತ ಒಬ್ಬ. ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಅವನು ಗೌರಕ್ಕನ ಮುಂದೆ ಬಂದು ನಿಂತ.

“ಅಕ್ಕಾ, ಆಪರೇಷನ್ ಅಂದರೆ ರೋಗಿಗಳು ಹೆದರ್ತಾರೆ. ಹೆದರಿದರೆ ಬಿಪಿ ಏರುತ್ತೆ, ನಿದ್ದೆ ಕೆಡುತ್ತೆ, ಊಟ ಸೇರೋದಿಲ್ಲ. ಆ ಭಯ ಇಳಿಸೋದಕ್ಕೆ ನನಗೊಂದು ದಾರಿ ಹೊಳೆದಿದೆ. ಸಂಶೋಧನೆ ಮಾಡ್ಲಾ?”

“ಭಯ ಇಳೀತು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?”

“ಅದಕ್ಕೇನಂತೆ? ಅವರನ್ನೇ ಕೇಳ್ತೀನಿ.”

ಗೌರಕ್ಕ ಗಾಯದ ಬಟ್ಟೆ ಸುತ್ತುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

“ಕೇಳು,” ಅಂದರು.

ಅವನ ದಾರಿ ಚೆನ್ನಾಗಿಯೇ ಇತ್ತು, ಸುಮ್ಮಸುಮ್ಮನೆ ಆಡಿಕೊಳ್ಳಬಾರದು. ಆಪರೇಷನ್ನಿಗೆ ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ ನಿಧಾನಕ್ಕೆ ಉಸಿರು ಎಳೆದು ಬಿಡುವುದನ್ನು ಹೇಳಿಕೊಡುತ್ತಿದ್ದ. ಮೆತ್ತಗೆ ಮಾತಾಡುತ್ತಿದ್ದ. ತಾನೇ ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದ, ತಾನೇ ಕಣ್ಣಿಗೆ ಹನಿ ಹಾಕುತ್ತಿದ್ದ, ಗಂಜಿಯನ್ನೂ ತಾನೇ ಬಡಿಸುತ್ತಿದ್ದ.

ಓದು ಬಾರದವರು, ಕಣ್ಣು ಮಂಜಾದವರು. ಭಯ ಎಷ್ಟು ಅಂತ ಅವರಿಂದ ತಿಳಿದುಕೊಳ್ಳುವುದು ಹೇಗೆ? ಅದಕ್ಕೂ ಅವನೊಂದು ಉಪಾಯ ಮಾಡಿದ್ದ. ಒಬ್ಬೊಬ್ಬರ ಮಡಿಲಿಗೂ ಹುಣಸೆಬೀಜ ಸುರಿದು, ಮುಂದೊಂದು ಬಟ್ಟಲು ಇಡುವುದು.

“ಎಷ್ಟು ಭಯವೋ ಅಷ್ಟು ಬೀಜ ಹಾಕಿ,” ಅನ್ನುತ್ತಿದ್ದ. ಉಸಿರಿನ ಪಾಠಕ್ಕೆ ಮುಂಚೆ ಒಮ್ಮೆ, ಪಾಠ ಮುಗಿದ ಮೇಲೆ ಒಮ್ಮೆ.

ಪಾಠ ಮುಗಿದ ಮೇಲೆ ಬೀಜ ಕಡಿಮೆಯಾಗುತ್ತಿದ್ದವು. ಎಲ್ಲರದೂ! ಪಂಚಾಕ್ಷರಿ ನೆಲದ ಮೇಲೆ ಕಾಲಿಡದಂತಾದ. ಪಟ್ಟಣದ ನರ್ಸಿಂಗ್ ಕಾಲೇಜಿಗೆ ಹೇಳಿ ಕಳಿಸಿದ. ಅಲ್ಲಿಯ ಮೇಡಮ್ಮುಗಳು ನೋಡುವುದಕ್ಕೆ ಬರುತ್ತೇವೆ ಅಂದರು.

ಅವರು ಬಂದ ದಿನ ಪಡಸಾಲೆಯಲ್ಲಿ ಹಾಲವ್ವ ಅನ್ನುವ ಮುದುಕಿಯೂ ಇದ್ದಳು. ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಪೊರೆ ಬಲಿತು, ಬೆಳಕು ನೆರಳು ಇಷ್ಟೇ ತಿಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳ ಆಪರೇಷನ್.

ಗೌರಕ್ಕ ಆಗ ಆಪರೇಷನ್ ಕೋಣೆಯನ್ನು ತೊಳೆಸುತ್ತಿದ್ದರು. ಪಂಚಾಕ್ಷರಿ ಪಾಠ ಮಾಡಿದ. ಎಲ್ಲರೂ ಉಸಿರು ಎಳೆದರು, ಬಿಟ್ಟರು. ಬಟ್ಟಲುಗಳಲ್ಲಿ ಬೀಜ ಇಳಿದವು. ಮೇಡಮ್ಮುಗಳು ತಲೆದೂಗಿದರು.

ಹಾಲವ್ವನ ಬಟ್ಟಲಿಗೆ ಬಂದರೆ ಬೀಜ ತುಂಬಿ ಹೊರಗೆ ಚೆಲ್ಲಿದ್ದವು. ಪಾಠಕ್ಕೆ ಮುಂಚೆ ಇದ್ದದ್ದಕ್ಕಿಂತ ಜಾಸ್ತಿ.

ಪಂಚಾಕ್ಷರಿಗೆ ಇರುಸುಮುರುಸಾಯಿತು. ಆದರೂ ನಗುನಗುತ್ತಲೇ ಅಂದ:

“ಏನಜ್ಜೀ ಇದು! ಎಲ್ಲರ ಭಯ ಇಳೀತು, ನಿನ್ನೊಬ್ಬಳದೇ ಏರಿಬಿಟ್ಟಿತಾ? ನಾನು ಇಷ್ಟು ಹೊತ್ತು ಗಂಟಲು ಹರಕೊಂಡಿದ್ದೆಲ್ಲ ದಂಡ ಆಯ್ತಲ್ಲ!”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಹಾಲವ್ವನ ಮುಖ ಸಣ್ಣದಾಯಿತು. ತಡವರಿಸಿ ಬಟ್ಟಲಿಗೆ ಕೈಹಾಕಿ, ಬೀಜವನ್ನೆಲ್ಲ ಬಾಚಿ ವಾಪಸ್ಸು ಮಡಿಲಿಗೆ ಹಾಕಿಕೊಂಡಳು.

“ಇಲ್ಲ ತಮ್ಮಾ, ಕಣ್ಣು ಕಾಣಂಗಿಲ್ಲ ನೋಡು, ತಪ್ಪಿ ಬಿದ್ದಾವು. ನನಗೆಲ್ಲಿ ಅಂಜಿಕಿ? ಏನೂ ಇಲ್ಲ.”

ಪಂಚಾಕ್ಷರಿ ಅದನ್ನು ನೋಡಿದ. ಒಳಗೆ ಏನೋ ಚುಚ್ಚಿತು. ಮೇಡಮ್ಮುಗಳು ನೋಡುತ್ತಿದ್ದರು. ಆ ಬರಿ ಬಟ್ಟಲನ್ನು ಎತ್ತಿ ಎಲ್ಲರಿಗೂ ತೋರಿಸಿದ.

ಚಪ್ಪಾಳೆ ಬಿತ್ತು.

ಮರುದಿನ ಬೆಳಿಗ್ಗೆ ಪಟ್ಟಣದಿಂದ ಕಣ್ಣಿನ ಡಾಕ್ಟರು ಬಂದರು. “ಇವರಲ್ಲಿ ಯಾರಿಗಾದರೂ ಹೆದರಿಕೆ ಜಾಸ್ತಿ ಇದೆಯೇನಪ್ಪಾ?” ಅಂತ ಕೇಳಿದರು.

“ಯಾರಿಗೂ ಇಲ್ಲ ಸಾರ್. ಅದರಲ್ಲೂ ಈ ಅಜ್ಜಿಗೆ ಒಂಚೂರೂ ಇಲ್ಲ,” ಅಂದ ಪಂಚಾಕ್ಷರಿ.

ಹೆದರದವಳ ಹತ್ತಿರ ಯಾರು ನಿಲ್ಲುತ್ತಾರೆ? ಹಾಲವ್ವನನ್ನು ಮಲಗಿಸಿದರು. ಕಣ್ಣಿನ ಜಾಗಕ್ಕೆ ಮಾತ್ರ ತೂತಿರುವ ಹಸಿರು ಬಟ್ಟೆಯನ್ನು ಮುಖದ ಮೇಲೆ ಹೊದಿಸಿದರು.

ಹಾಲವ್ವ ಚೀರಿದ್ದು ಹೊಳೆಯಾಚೆಗೂ ಕೇಳಿಸಿರಬೇಕು. ಬಟ್ಟೆ ಕಿತ್ತೆಸೆದು ಎದ್ದು ಕೂತಳು. ಪಕ್ಕದ ತಟ್ಟೆ ನೆಲಕ್ಕೆ ಬಿತ್ತು. ಡಾಕ್ಟರು ಇನ್ನೂ ಕಣ್ಣಿಗೆ ಕೈ ಹಚ್ಚಿರಲಿಲ್ಲ, ಪುಣ್ಯ. ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ, “ನಾ ನಮ್ಮೂರಿಗೆ ಹೋಕ್ಕೀನಿ,” ಅಂತ ಗಂಟು ಕಟ್ಟಿದಳು.

ಡಾಕ್ಟರು ಪಂಚಾಕ್ಷರಿಯ ಕಡೆ ತಿರುಗಿದರು.

“ಒಂಚೂರೂ ಹೆದರಿಕೆ ಇಲ್ಲ ಅಂದ್ಯಲ್ಲಪ್ಪ? ಇರೋದೇ ಒಂದು ಕಣ್ಣು. ಇನ್ನು ಬಿಟ್ಟರೆ ಪೊರೆ ಒಳಗೇ ಒಡೆದು ಅದೂ ಹೋಗುತ್ತೆ. ನಾನು ಮಧ್ಯಾಹ್ನದವರೆಗೆ ಇರ್ತೀನಿ. ಅಷ್ಟರೊಳಗೆ ಒಪ್ಪಿಸಿದರೆ ಸರಿ. ಇಲ್ಲದಿದ್ದರೆ ನಾನು ಮತ್ತೆ ಬರೋ ಹೊತ್ತಿಗೆ ಆ ಕಣ್ಣು ಇರೋದಿಲ್ಲ.”

ಪಂಚಾಕ್ಷರಿ ಹಿತ್ತಲಿಗೆ ಓಡಿದ. ಗೌರಕ್ಕ ಅಲ್ಲಿ ಕುದಿಸಿದ ಬಟ್ಟೆ ಒಣಹಾಕಿಸುತ್ತಿದ್ದರು. ಉಳಿದ ಶಿಷ್ಯರೂ ಇದ್ದರು.

“ಅಕ್ಕಾ, ಆ ಅಜ್ಜಿ ಸುಳ್ಳು ಹೇಳಿದ್ಲು!”

ಗೌರಕ್ಕ ಅವನನ್ನು ನೋಡಿದರು. ನಿನ್ನೆ ಪಡಸಾಲೆಯಲ್ಲಿ ನಡೆದದ್ದು ಅಷ್ಟು ಹೊತ್ತಿಗೆ ಅವರ ಕಿವಿಗೂ ಬಿದ್ದಿತ್ತು.

“ಹೌದಾ?” ಅಂದರು. “ನಿನ್ನ ಬೀಜ ತಗೊಂಡು ಬಾ. ಬಟ್ಟಲೂ ತಾ.”

ಹೊತ್ತು ಹೋಗುತ್ತಿದೆ, ಈಗ ಯಾಕೆ ಬೀಜ? ಆದರೆ ಗೌರಕ್ಕನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ತಂದ.

“ನಿನಗೆ ಈಗ ಎಷ್ಟು ನಾಚಿಕೆ ಆಗ್ತಿದೆ? ಅಷ್ಟು ಹಾಕು.”

ಶಿಷ್ಯರೆಲ್ಲ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಹಿಡಿದು ನೋಡುತ್ತಾ ನಿಂತರು. ಪಂಚಾಕ್ಷರಿಯ ಕಿವಿ ಬಿಸಿಯಾಯಿತು. ಎರಡೋ ಮೂರೋ ಬೀಜ ಬಟ್ಟಲಿಗೆ ಹಾಕಿದ.

“ಭೇಷ್! ಎಷ್ಟು ಕಡಿಮೆ!” ಗೌರಕ್ಕ ಬಟ್ಟಲನ್ನು ಎತ್ತಿ ಸುತ್ತಲೂ ತೋರಿಸಿದರು. “ನೋಡಿ ಎಲ್ಲರೂ.”

ಯಾರೋ ಕಿಸಕ್ಕೆಂದರು. ಪಂಚಾಕ್ಷರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಗೌರಕ್ಕ ಉಳಿದವರನ್ನು ಒಳಗೆ ಕಳಿಸಿದರು. ಬಟ್ಟಲನ್ನು ಅವನ ಮುಂದಿಟ್ಟು, ಅವನಿಗೆ ಬೆನ್ನು ಮಾಡಿ ಬಟ್ಟೆ ಒಣಹಾಕತೊಡಗಿದರು.

ಪಂಚಾಕ್ಷರಿ ಕುಕ್ಕರಗಾಲಲ್ಲಿ ಕೂತ. ಒಂದು ಬೀಜ ಹಾಕಿದ. ಇನ್ನೊಂದು ಹಾಕಿದ. ಆಮೇಲೆ ಚೀಲವನ್ನೇ ಬೋರಲು ಹಾಕಿದ. ಬೀಜ ಬಟ್ಟಲು ತುಂಬಿ ನೆಲಕ್ಕೆಲ್ಲ ಹರಡಿದವು. ಅಷ್ಟಕ್ಕೂ ಸಾಲದಾಗಿ ಅವನಿಗೆ ಅಳು ಬಂತು.

“ಅಕ್ಕಾ, ಅವಳು ನಿಜಾನೇ ಹೇಳಿದ್ದಳು. ಬಟ್ಟಲು ತುಂಬಾ ಹಾಕಿದ್ದಳು. ನಾನೇ ಎಲ್ಲರ ಮುಂದೆ ನಗೆಪಾಟಲು ಮಾಡಿದೆ. ಅವಳು ವಾಪಸ್ಸು ತೆಗೆದುಕೊಳ್ಳೋದನ್ನ ಕಣ್ಣಾರೆ ನೋಡಿದೆ. ನೋಡಿಯೂ ಬರಿ ಬಟ್ಟಲು ಎತ್ತಿ ತೋರಿಸಿದೆ. ಡಾಕ್ಟರ ಮುಂದೆಯೂ ಅದನ್ನೇ ಹೇಳಿದೆ.”

ಗೌರಕ್ಕ ಬಟ್ಟೆಯೊಂದನ್ನು ಕೊಡವಿ ಹಗ್ಗಕ್ಕೆ ಹಾಕಿದರು.

“ಅವಳಿನ್ನೂ ಗೇಟಿನ ಹತ್ತಿರ ಇದ್ದಾಳೆ. ಬಸ್ಸು ಬಂದಿಲ್ಲ.”

“ಯಾವ ಮುಖ ಇಟ್ಟುಕೊಂಡು ಹೋಗ್ಲಿ ಅಕ್ಕಾ?”

“ನಿನ್ನ ಮುಖ ಅವಳಿಗೆ ಕಾಣೋದಿಲ್ಲ. ಹೋಗು.”

ಗೇಟಿನ ಪಕ್ಕದ ಕಟ್ಟೆಯ ಮೇಲೆ ಹಾಲವ್ವ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದಳು.

“ನೀನಾ ತಮ್ಮಾ? ತಪ್ಪಾತಪ್ಪಾ. ದೊಡ್ಡ ಡಾಕ್ಟರ ಮುಂದ ನಿನ್ನ ಮರ್ಯಾದಿ ಕಳದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅವಳ ಕಾಲ ಹತ್ತಿರ ನೆಲದ ಮೇಲೆಯೇ ಕೂತ.

“ತಪ್ಪು ನಂದು ಅಜ್ಜೀ. ನೀನು ನಿಜ ಹೇಳಿದಾಗ ನಾನು ನಕ್ಕೆ.”

“ಇರಲಿ ಬಿಡು. ಗಂಜಿ ಹಾಕಿದಿ, ಕೈ ಹಿಡದು ನಡೆಸಿದಿ. ಹೊಟ್ಟ್ಯಾಗಿನ ಮಗನಂಗ ನೋಡಿಕೊಂಡಾಂವಗ ನಿನ್ನ ಪಾಠದಿಂದ ಏನೂ ಆಗಲಿಲ್ಲಪ್ಪಾ ಅಂತ ಹ್ಯಾಂಗ ಹೇಳಲಿ?”

ಪಂಚಾಕ್ಷರಿಗೆ ಪಡಸಾಲೆಯ ಸಾಲು ಸಾಲು ಬಟ್ಟಲುಗಳು ನೆನಪಾದವು. ಎಲ್ಲರಿಗೂ ಅವನೇ ಗಂಜಿ ಬಡಿಸಿದ್ದ. ಎಲ್ಲರನ್ನೂ ಅವನೇ ಕೇಳಿದ್ದ.

ಆಮೇಲೆ ಕೇಳಿದ: “ಅಜ್ಜೀ, ನಿನಗೆ ಏನು ಕಂಡರೆ ಹೆದರಿಕೆ?”

ಇಷ್ಟು ದಿನ ಅವನು ಎಷ್ಟು ಭಯ ಅಂತ ಕೇಳಿದ್ದ. ಏನು ಭಯ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಹಾಲವ್ವ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು.

“ಮಕದ ಮ್ಯಾಲೆ ಅರಿವಿ ಹಾಕ್ತಾರ ಅಂತ ಬಾಜೂ ಹಾಸಿಗ್ಯಾಕಿ ಹೇಳಿದ್ಲು. ನಮ್ಮ ಮನ್ಯಾಗ ಮಕ ಮುಚ್ಚೂದು ಒಂದ ಹೊತ್ತಿಗೆ ತಮ್ಮಾ. ನಮ್ಮ ಯಜಮಾನರಿಗೆ ನಾನ ಮುಚ್ಚೀನಿ, ಈ ಕೈಲೆ. ಮುಚ್ಚಿದ ಮ್ಯಾಲೆ ಅವರನ್ನ ಯಾರೂ ಮಾತಾಡಿಸಲಿಲ್ಲ. ಎಲ್ಲಾರೂ ಅವರ ಸುದ್ದಿ ಮಾತಾಡಿದ್ರು, ಅವರ ಕೂಡ ಯಾರೂ ಮಾತಾಡಲಿಲ್ಲ. ಇಲ್ಲೂ ಹಂಗ ಆತು. ಅರಿವಿ ಬಿತ್ತು, ಎಲ್ಲಾರೂ ಸುಮ್ಮನಾದ್ರು.”

ಪಂಚಾಕ್ಷರಿ ಕಣ್ಣೊರೆಸಿಕೊಂಡ.

“ಬಟ್ಟೆ ಹಾಕಲೇಬೇಕು ಅಜ್ಜೀ. ಇಲ್ಲದಿದ್ದರೆ ಕಣ್ಣಿಗೆ ನಂಜಾಗುತ್ತೆ. ಆದರೆ ಮೂಗಿನ ಹತ್ತಿರ ಅದನ್ನ ನಾನು ಎತ್ತಿ ಹಿಡೀತೀನಿ, ಗಾಳಿ ಬರುತ್ತೆ. ಇನ್ನೊಂದು ಕೈ ನಿನ್ನ ಕೈಯಲ್ಲಿ ಇರುತ್ತೆ. ಮಾತಾಡಿದರೆ ಕಣ್ಣು ಅಲುಗುತ್ತೆ, ಅದಕ್ಕೆ ನೀನು ಬರೀ ಕೈ ಒತ್ತು. ನಾನೂ ಒತ್ತುತ್ತೀನಿ. ಪ್ರತಿ ಸಲವೂ.”

“ಹಂಗ ಮಾಡಿದ್ರ ಅಂಜಿಕಿ ಹೋಗ್ತೈತೇನು?”

ಹೋಗುತ್ತೆ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

“ಗೊತ್ತಿಲ್ಲ ಅಜ್ಜೀ. ಹೋಗದೆಯೂ ಇರಬಹುದು.”

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹಾಲವ್ವ ಆ ಕಡೆ ಮುಖ ಮಾಡಿದಳು. ಬಸ್ಸು ಬಂತು, ಗೇಟಿನ ಮುಂದೆ ನಿಂತಿತು. ಕಂಡಕ್ಟರು ಕೂಗಿದ. ಅವಳು ಏಳಲಿಲ್ಲ. ಬಸ್ಸು ಹೋಯಿತು.

“ಅಂಜಿಕಿ ಹೋಗ್ತೈತಿ ಅಂದಿದ್ರ ನಾ ಬಸ್ಸು ಹತ್ತಿಬಿಡ್ತಿದ್ದೆ,” ಅಂದು ಹಾಲವ್ವ ಕೈ ಚಾಚಿದಳು. “ನಡಿ.”

ಡಾಕ್ಟರು ಹೊರಡುವ ಹೊತ್ತಿಗೆ ಇವರು ಕೋಣೆಯ ಬಾಗಿಲಲ್ಲಿದ್ದರು. ಅವರು ಗಡಿಯಾರ ನೋಡಿದರು, ಮುದುಕಿಯನ್ನು ನೋಡಿದರು, ಮತ್ತೆ ಕೈ ತೊಳೆಯುವುದಕ್ಕೆ ಹೋದರು.

ಹಸಿರು ಬಟ್ಟೆ ಮುಖದ ಮೇಲೆ ಬಿದ್ದಾಗ ಹಾಲವ್ವನ ಮೈಯೆಲ್ಲ ನಡುಗಿತು. ಅವಳು ಪಂಚಾಕ್ಷರಿಯ ಕೈ ಒತ್ತಿದಳು. ಅವನು ಒತ್ತಿದ. ಮತ್ತೆ ಒತ್ತಿದಳು, ಅವನೂ ಒತ್ತಿದ. ಒತ್ತುವುದು ಹೋಗಿ ಹಿಂಡುವುದಾಯಿತು. ಅವನು ಹಲ್ಲು ಕಚ್ಚಿಕೊಂಡು ಕೂತ, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಹಾಲವ್ವ ಚೀರಲಿಲ್ಲ. ತಲೆ ಅಲುಗಿಸಲಿಲ್ಲ.

“ಕಣ್ಣು ಉಳೀತು,” ಅಂದರು ಡಾಕ್ಟರು, ಪಟ್ಟಿ ಕಟ್ಟಿ.

ಸಂಜೆ ಪಂಚಾಕ್ಷರಿ ಗೌರಕ್ಕನ ಹತ್ತಿರ ಬಂದ. ಅವರು ಹೊಳೆಗೆ ಮುಖಮಾಡಿ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ನಿಂತ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

“ಅಕ್ಕಾ, ಕಾಲೇಜಿಗೆ ಫೋನ್ ಮಾಡಿದ್ದೆ. ನಾನು ತೋರಿಸಿದ ಬರಿ ಬಟ್ಟಲು ಸುಳ್ಳು, ನಾನೇ ಆ ಅಜ್ಜಿಯಿಂದ ಸುಳ್ಳು ಹೇಳಿಸಿದೆ ಅಂದೆ. ಉಳಿದವೂ ಎಷ್ಟು ನಿಜವೋ ನನಗೆ ಗೊತ್ತಿಲ್ಲ ಅಂತಲೂ ಹೇಳಿದೆ.”

“ಹೂಂ.”

“ಈಗ ನನ್ನ ಸಂಶೋಧನೆಯಲ್ಲಿ ಏನೂ ಉಳಿದಿಲ್ಲ. ಇಷ್ಟು ಜನರನ್ನ ಕೇಳಿದೆ. ಎಲ್ಲರೂ ನನ್ನ ಮನಸ್ಸು ನೋಯಬಾರದು ಅಂತ ಹೇಳಿದ್ದಾರೆ. ಅವರ ಆರೈಕೆ ನಾನು ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಅವರೇ ನನ್ನ ಆರೈಕೆ ಮಾಡ್ತಿದ್ದರು.”

ಗೌರಕ್ಕ ಹೊಳೆಯಿಂದ ಅವನ ಕಡೆ ತಿರುಗಿದರು.

“ಕೈ ಯಾಕೆ ಹಿಂದಿಟ್ಟುಕೊಂಡಿದ್ದೀಯ?”

“ಏನಿಲ್ಲ ಅಕ್ಕಾ.”

“ತೋರಿಸು.”

ನಾಚಿಕೊಳ್ಳುತ್ತಲೇ ಮುಂದೆ ಚಾಚಿದ. ಅಂಗೈಯ ಹಿಂಬದಿಯ ತುಂಬ ಹಾಲವ್ವನ ಉಗುರು ನಾಟಿದ ಗುರುತುಗಳು. ಒಂದೆರಡು ಕಡೆ ರಕ್ತ ಬಂದು ಒಣಗಿತ್ತು.

ಗೌರಕ್ಕ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದರು.

“ಅಂತೂ ಒಬ್ಬಳು ನಿನಗೆ ನಿಜ ಹೇಳಿದಳಲ್ಲೋ,” ಅಂದರು.