ಎರಡು ಗೇಣು ಎಡಕ್ಕೆ

“ಹನ್ನೆರಡು ವರ್ಷದಲ್ಲಿ ಬಿಲ್ಲು ಹಿಡಿದು ನನ್ನನ್ನು ಸೋಲಿಸಿದ ಗಂಡು ಈ ಕೋಟೆಯಲ್ಲಿಲ್ಲ!” ಎಂದು ಕಾರೆಕೋಟೆಯ ಕೆಂಚಮಲ್ಲನಾಯಕ ಮೀಸೆ ತಿರುವಿದ.

ಮಾತೇನೋ ಸುಳ್ಳಲ್ಲ. ಸೈನಿಕರ ಕೈ ಪಳಗಲಿ ಎಂದು ಅವನು ಪ್ರತಿ ಮಂಗಳವಾರ ಸ್ನೇಹದ ಪಂದ್ಯ ಇಡುತ್ತಿದ್ದ. ಮಣ್ಣಿನ ಗೋಡೆಗೆ ಬೂದುಗುಂಬಳಕಾಯಿ ಕಟ್ಟಿಸಿ ಮೊದಲ ಬಾಣ ತಾನೇ ಬಿಡುತ್ತಿದ್ದ. ಅದು ಕಾಯಿಯ ಎಡಕ್ಕೆ ಎಲ್ಲೋ ಹೋಗಿ ನಾಟುತ್ತಿತ್ತು. ಅವನಿಗಿಂತ ಚೆನ್ನಾಗಿ ಹೊಡೆದರೆ ಮರುದಿನವೇ ಆನೆಲಾಯದಲ್ಲಿ ಲದ್ದಿ ಬಾಚುವ ಕೆಲಸ! ಹಾಗಾಗಿ ಸೈನಿಕರೆಲ್ಲ ನಾಯಕನ ಕೆಂಪು ಗರಿಯ ಬಾಣವನ್ನೇ ನೋಡಿಕೊಂಡು, ಅದಕ್ಕಿಂತ ಎರಡು ಗೇಣು ಎಡಕ್ಕೆ ಹೊಡೆಯುತ್ತಿದ್ದರು. ಕುಂಬಳಕಾಯಿ ಗಾಯವಿಲ್ಲದೆ ಅಡುಗೆಮನೆಗೆ ಹೋಗಿ ಹುಳಿಯಾಗುತ್ತಿತ್ತು.

ಅಂದು ಊಟಕ್ಕೆ ಬಂದಿದ್ದ ನೆರೆಯ ತೊಗರಿಗುಡ್ಡದ ಸಿದ್ದಪ್ಪನಾಯಕ ಎಲೆಯಡಿಕೆ ಜಗಿಯುತ್ತ ಹೇಳಿದ: “ಹಾಗಾದರೆ ನಿಮ್ಮ ಹತ್ತು ಜನ, ನಮ್ಮ ಹತ್ತು ಜನ. ಎಂಟು ದಿನ ಬಿಟ್ಟು ಇಲ್ಲೇ ಪಂದ್ಯ. ಸೋತ ನಾಯಕ ಗೆದ್ದವನಿಗೆ ಕೊಡೆ ಹಿಡಿದು ಊರು ಸುತ್ತಬೇಕು.”

“ಆಗಲಿ!” ಎಂದ ಕೆಂಚಮಲ್ಲ. ಅತಿಥಿ ಹೋದದ್ದೇ ತಡ, ಗುರಿಯ ಕಾಯಿ ಕಟ್ಟುವ ಮುದ್ದರಸನನ್ನು ಕರೆಸಿದ. “ಎಂಟು ದಿನದಲ್ಲಿ ಇವರ ಕೈಲಿ ಕಾಯಿ ಹೊಡೆಸು. ಇಲ್ಲದಿದ್ದರೆ ಅರ್ಧ ಮೀಸೆ ಬೋಳಿಸಿ ಕೋಟೆಯಿಂದ ಆಚೆ ಹಾಕಿಸ್ತೀನಿ.”

“ನಾನು ಕಾಯಿ ಕಟ್ಟೋನು ಬುದ್ಧಿ, ಹೊಡೆಸೋನಲ್ಲ.”

“ಇವತ್ತಿಂದ ಎರಡೂ ನೀನೇ.”

ಮುದ್ದರಸ ಮೀಸೆ ಮುಟ್ಟಿ ನೋಡಿಕೊಂಡ. ದಿನಾ ಬೆಣ್ಣೆ ಹಚ್ಚಿ ಸಾಕಿದ ಮೀಸೆ ಅದು. ಮರುದಿನ ಬೆಳಿಗ್ಗೆಯೇ, ನಾಯಕ ಇಲ್ಲದ ಹೊತ್ತಿನಲ್ಲಿ, ಅಭ್ಯಾಸ ಶುರುಮಾಡಿಸಿದ. ಮೊದಲ ಬಾಣ ದಳವಾಯಿಯ ರುಮಾಲು ಕಿತ್ತುಕೊಂಡು ಹೋಯಿತು. ಎರಡನೆಯದು ಮಜ್ಜಿಗೆಯ ಗಡಿಗೆ ಒಡೆಯಿತು. ಮೂರನೆಯವನು ಆಕಾಶಕ್ಕೆ ಬಿಟ್ಟು, ಎಲ್ಲಿ ಬೀಳುತ್ತದೋ ಎಂದು ಕಾಯುತ್ತ ನಿಂತ.

“ಏನ್ರಯ್ಯಾ ಇದು?”

“ನಾಯಕರ ಬಾಣ ಎಲ್ಲಿ ಬಿತ್ತು ಅಂತ ಗೊತ್ತಿಲ್ದೆ ನಾವು ಎಲ್ಲಿಗೆ ಅಂತ ಹೊಡೆಯೋದು ಸ್ವಾಮಿ?” ಎಂದ ಹಳೆಯ ಬಿಲ್ಲಾಳು ಕಾಳಿಂಗ.

ಮುದ್ದರಸ ಕೆಂಪು ಗರಿಯ ಬಾಣವೊಂದನ್ನು ತಂದು ಕೈಯಿಂದಲೇ ಗೋಡೆಗೆ ಚುಚ್ಚಿದ. ಹತ್ತೂ ಬಾಣಗಳು ಅದರ ಎರಡು ಗೇಣು ಎಡಕ್ಕೆ ಒತ್ತೊತ್ತಾಗಿ ಕುಳಿತವು. ಮುದ್ದರಸ ಮನೆಗೆ ಹೋಗಿ ಏಳು ದಿನ ಹೊದ್ದು ಮಲಗಿಬಿಟ್ಟ.

ಎರಡು ಕೋಟೆಗಳ ಪಂದ್ಯಕ್ಕೊಂದು ಪದ್ಧತಿಯಿತ್ತು. ಕಾಯಿ ಕಟ್ಟುವ ಮೊದಲು, ಪಂದ್ಯ ನಡೆಯುವ ಊರಿನ ನಾಯಕ ದೇವಿಯ ಹೆಸರಲ್ಲಿ ಬರಿಯ ಗೋಡೆಗೆ ಒಂದು ಬಾಣ ಬಿಡಬೇಕು. ಅದು ಲೆಕ್ಕಕ್ಕಿಲ್ಲ. ಆಮೇಲೆ ಕಾಯಿ ಎಲ್ಲಿ ಕಟ್ಟಬೇಕೆಂಬುದು ಕಟ್ಟುವವನ ಇಷ್ಟ.

ಪಂದ್ಯದ ದಿನ ಕೆಂಚಮಲ್ಲನ ಬಾಣ ಗೋಡೆಯ ಬಲತುದಿಯಲ್ಲಿ, ನೆಲದಿಂದ ಮೊಳದೆತ್ತರಕ್ಕೆ ನಾಟಿತು. ಮುದ್ದರಸ ಅದರಿಂದ ಎಡಕ್ಕೆ ಎರಡು ಗೇಣು ಅಳೆದು, ಗೂಟ ಹೊಡೆದು, ಕಾಯಿ ಕಟ್ಟಿದ.

“ಮೊಲ ಹೊಡೆಯೋದಕ್ಕಾ?” ಎಂದು ಸಿದ್ದಪ್ಪನಾಯಕ ನಕ್ಕ. ಅವನ ಹತ್ತು ಜನರಲ್ಲಿ ಆರು ಜನರ ಬಾಣ ಕಾಯಿಗೆ ಬಿತ್ತು.

ಅದೇ ಗೂಟಕ್ಕೆ ಹೊಸ ಕಾಯಿ ಕಟ್ಟಿದರು. ಕಾರೆಕೋಟೆಯವರು ಕಾಯಿಯತ್ತ ತಿರುಗಿಯೂ ನೋಡಲಿಲ್ಲ. ಕಣ್ಣೆಲ್ಲ ಕೆಂಪು ಗರಿಯ ಮೇಲಿಟ್ಟು, ಎಂದಿನ ನಿಷ್ಠೆಯಿಂದ ಗುರಿ ತಪ್ಪಿಸಲು ಬಾಣ ಬಿಟ್ಟರು. ಹತ್ತಕ್ಕೆ ಹತ್ತು! ಲದ್ದಿಯ ನೆನಪಾಗಿ ಹೊಡೆದವರೇ ಬೆವೆತುಹೋದರು.

ಸಿದ್ದಪ್ಪನಾಯಕ ತೆಪ್ಪಗೆ ಕೊಡೆ ಹಿಡಿದ. ಊರು ಸುತ್ತಿ ಬಂದ ಕೆಂಚಮಲ್ಲ ಹಿಗ್ಗಿ ಕೇಳಿದ: “ಎಂಟು ದಿನದಲ್ಲಿ ಹೇಗೆ ಕಲಿಸಿದೆಯೋ?”

“ಹನ್ನೆರಡು ವರ್ಷ ಕಲಿಸಿದೋರು ತಾವು ಬುದ್ಧಿ. ತಮ್ಮ ಬಾಣದ ಎರಡು ಗೇಣು ಎಡಕ್ಕೆ ಹೊಡೆಯೋದರಲ್ಲಿ ಇವರನ್ನು ಮೀರಿಸೋರಿಲ್ಲ. ನಾನು ಕಾಯಿ ಅಲ್ಲಿಗೆ ಕಟ್ಟಿದೆ, ಅಷ್ಟೇ.”

ನಾಯಕನ ಮುಖ ಕೆಂಪಾಯಿತು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ಕೈಯ ಚಿನ್ನದ ಕಡಗ ಬಿಚ್ಚಿಕೊಟ್ಟು, “ಇನ್ನೇನು ಬೇಕು, ಕೇಳು” ಎಂದ.

“ಇನ್ನು ಮೇಲೆ ಮಂಗಳವಾರ ತಾವು ಉಂಡು ಮಲಗಿಬಿಡಬೇಕು ಬುದ್ಧಿ. ಕುಂಬಳಕಾಯಿಯಾದರೆ ಕಟ್ಟಿದ ಕಡೆ ಇರುತ್ತೆ. ನಾಳೆ ಯುದ್ಧ ಬಂದರೆ, ನಾಯಕರ ಬಾಣದಿಂದ ಎರಡು ಗೇಣು ಎಡಕ್ಕೆ ಬಂದು ನಿಂತ್ಕೊಳ್ರಪ್ಪಾ ಅಂತ ಶತ್ರುಗಳಿಗೆ ಹೇಳೋರು ಯಾರು?”