ಗಾಣದ ಎತ್ತಿನ ಸೋಮವಾರ

"ಏಳನೆಯ ದಿನ ಕೈಕಟ್ಟಿ ಕೂತರೆ ಎಂಟನೆಯ ದಿನ ನನ್ನ ಒಲೆ ಹೊತ್ತಿಸುವವರು ಯಾರು, ಅಯ್ಯನವರೇ?" ಎಂದು ಕೃಪಾವತಿ ತನ್ನ ಗುರುವನ್ನು ಕೇಳಿದಳು.

ಅಂದು ದೇವರು ವಿಶ್ರಾಂತಿಗೆಂದು ಕೊಟ್ಟ ಸಬ್ಬತ್ ದಿನ. ಆರಾಧನೆ ಮುಗಿದು ಎಲ್ಲರೂ ಮನೆ ಸೇರಿದ್ದರು. ಅವಳಿಗೆ ಮನೆಯಲ್ಲಿ ಕಾಯುವವರಿರಲಿಲ್ಲ. ಗುರುವಿನ ಮುಂದೆ ಕೂತಾಗಲೂ ಮಡಿಲಲ್ಲಿ ಯಾರದೋ ಅಂಗಿ ಇತ್ತು. ಅವಳ ಕೈ ಅದಕ್ಕೆ ಗುಂಡಿಯ ಕಾಜ ಹೊಲಿಯುತ್ತಲೇ ಇತ್ತು. ಗುರು ಕಂಡೂ ಕಾಣದವರಂತೆ ಕತೆ ಹೇಳಿದರು.

ಒಂದೂರಿನಲ್ಲಿ ಎಣ್ಣೆ ತೆಗೆಯುವ ಒಬ್ಬ ವಿಧವೆ ಇದ್ದಳು. ಅವಳಿಗಿದ್ದದ್ದು ಒಂದು ಮರದ ಗಾಣ, ಅದನ್ನು ಎಳೆಯಲು ಒಂದು ಮುದಿ ಎತ್ತು. ಮಾತಿಗೆ ಬೇರೆ ಯಾರೂ ಇಲ್ಲದೆ ಎತ್ತಿನೊಂದಿಗೇ ಮಾತಾಡುತ್ತಿದ್ದಳು. ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಅವಳೂ ಇಡಲಿಲ್ಲ. ಆದರೆ ಒಂದು ದಿನ ಗಾಣ ನಿಂತರೆ ನಾಳೆ ಏನು ಗತಿ ಎಂಬ ಭಯ ಅವಳನ್ನು ಕೂರಗೊಡಲಿಲ್ಲ. ಸೋಮವಾರ ಬಂದಾಗಲೆಲ್ಲ ನೊಗಕ್ಕೆ ತಾನೇ ಹೆಗಲು ಕೊಟ್ಟಳು.

ನೆರೆಮನೆಯ ಮುದುಕಿ ಬೇಲಿಯಾಚೆಯಿಂದ ಕೇಳಿದಳು: "ಎತ್ತಿಗೆ ಸೋಮವಾರ ಬಿಡುವು. ನಿನಗೆ ಯಾವ ವಾರವೇ?"

"ನಿಮಗೆ ದುಡಿದು ಹಾಕಲು ನಾಲ್ಕು ಜನ ಗಂಡುಮಕ್ಕಳಿದ್ದಾರೆ, ಅಜ್ಜಿ. ನಿಮಗೆ ಏಳು ದಿನವೂ ಸೋಮವಾರವೇ."

ಮುದುಕಿ ಮತ್ತೆ ಬೇಲಿಯ ಹತ್ತಿರ ಬರಲಿಲ್ಲ.

ಒಂದು ಸೋಮವಾರ ಸುತ್ತಿ ಸುತ್ತಿ ವಿಧವೆಗೆ ತಲೆ ತಿರುಗಿತು. ಗಾಣ ಸುತ್ತುವಾಗ ತಲೆ ತಿರುಗದಿರಲೆಂದು ಎತ್ತಿನ ಕಣ್ಣಿಗೆ ಕಟ್ಟುವ ಪಟ್ಟಿ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ತೆಗೆದು ತನ್ನ ಕಣ್ಣಿಗೆ ಕಟ್ಟಿಕೊಂಡಳು. ಆ ಕತ್ತಲಲ್ಲಿ ಎತ್ತು ಮೆಲುಕು ಹಾಕುವ ಸದ್ದೊಂದೇ ಅವಳಿಗೆ ಜೊತೆ. ಎಣ್ಣೆ ಇಳಿದು ಮುಗಿದದ್ದು ಕಾಣಲಿಲ್ಲ. ಒಣಗಿದ ಹಿಂಡಿಯನ್ನೇ ಅರೆಯುತ್ತ ಸುತ್ತಿದಳು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಪಟ್ಟಿ ಬಿಚ್ಚಿದಳು. ಎತ್ತಿಗೆಂದು ಇಡಬೇಕಾದ ಹಿಂಡಿ ಕರಕಲಾಗಿತ್ತು.

ಸಂಜೆ ಅವಳು ತನ್ನ ರೊಟ್ಟಿಗೆಂದು ಇಟ್ಟುಕೊಂಡಿದ್ದ ಹಿಡಿ ಜೋಳವನ್ನು ಬೇಯಿಸಿ ಎತ್ತಿನ ಮುಂದೆ ಇಟ್ಟಳು. ಎತ್ತು ನಿಧಾನವಾಗಿ ಎದ್ದು ತಿಂದಿತು. ಮೇವು ಬಂದದ್ದು ಅದಕ್ಕೆ ಸೋಜಿಗವೆನಿಸಲಿಲ್ಲ.

"ಬೆಳಗಿನಿಂದ ಬಿದ್ದುಕೊಂಡಿದ್ದೀಯ," ಎಂದಳು ಅವಳು. "ನಾಳೆಗೆ ಏನು ಅಂತ ಒಂದು ಸಲವಾದರೂ ಯೋಚಿಸಿದೆಯಾ?"

ಎತ್ತು ಅವಳ ಕೈ ನೆಕ್ಕಿ ಮತ್ತೆ ಮಲಗಿತು.

ಗುರು ಅಲ್ಲಿಗೆ ನಿಲ್ಲಿಸಿದರು. ಕೃಪಾವತಿ ಹೊಲಿಗೆಯಿಂದ ತಲೆ ಎತ್ತದೆ ಹೇಳಿದಳು: "ಮೂಕ ಪ್ರಾಣಿ, ಅಯ್ಯನವರೇ. ನಾಳೆ ಅನ್ನುವುದು ಅದಕ್ಕೇನು ಗೊತ್ತು?"

"ಗೊತ್ತಿಲ್ಲ ಮಗಳೇ. ತನಗೊಬ್ಬ ಒಡತಿ ಇದ್ದಾಳೆ ಅನ್ನುವುದಷ್ಟೇ ಗೊತ್ತು."

ಸೂಜಿ ಅರ್ಧ ಕಾಜದಲ್ಲಿ ನಿಂತಿತು.